ಬಿಚ್ಚಿಟ್ಟ ಗೇರ್‌ಬಾಕ್ಸಿನೊಳಗಿದ್ದ ಬ್ರೇಕು

ಸರ್ಕಾರಿ ಬಸ್ಸುಗಳ ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ವಿಭಾಗದ ಫೋರ್‌ಮನ್ ಆಗಿದ್ದ ನಾನು ನಿವೃತ್ತನಾಗಿ ಬ್ರಹ್ಮಾವರದಲ್ಲಿ ಒಂದು ಲೇತ್ ಮಷಿನ್ ಇಟ್ಟುಕೊಂಡು ಕೂತ ಎರಡನೆಯ ವರ್ಷ. ಮೇ ತಿಂಗಳ ಮೊದಲ ವಾರ ಉಪ್ಪುಂದದಿಂದ ಗಣಪಯ್ಯ ಎಂಬವರು ಹುಡುಕಿಕೊಂಡು ಬಂದರು. ಅಲ್ಲಿಯ ದೋಣಿಯವರ ಗುಂಪಿಗೆ ಅವರೇ ಯಜಮಾನರು.

ಗುಂಪಿನ ಬಳಿ ಒಂದು ಹಳೆಯ ಮಿಲಿಟರಿ ಟ್ರಕ್ ಇತ್ತು. ಆರು ಚಕ್ರದ ವಿದೇಶಿ ಗಾಡಿ. ಸೇನೆಯ ಹರಾಜಿನಲ್ಲಿ ಬಂದದ್ದು ಹೇಗೋ ಉಪ್ಪುಂದ ಸೇರಿ, ಇಪ್ಪತ್ತು ವರ್ಷಗಳಿಂದ ಕಡಲ ದಂಡೆಯಲ್ಲಿ ಒಂದೇ ಕೆಲಸ ಮಾಡುತ್ತಿತ್ತು. ಮಳೆಗಾಲದ ಮುಂಚೆ ದೋಣಿಗಳಿಗೆ ಹಗ್ಗ ಕಟ್ಟಿ, ಮರಳಿನ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುವುದು. ಈಗ ಅದು ಅಲುಗುತ್ತಿರಲಿಲ್ಲ.

“ಇಂಜಿನ್ ಲಾಯ್ಕ್ ಇತ್ತ್ ಐತಾಳ್ರೆ. ಆದ್ರೆ ಗಾಡಿ ಮುಂದ್ ಹೋತಿಲ್ಲೆ” ಎಂದರು ಗಣಪಯ್ಯ. “ಈ ಸಲ ಹದ್ನಾಲ್ಕ್ ದೋಣಿ ಇತ್ತ್. ಗಾಳಿ ಏಳುದ್ರೊಳ್ಗೆ ಮೇಲ್ ತರ್ಬೇಕ್.”

ಹೋಗಿ ನೋಡಿದೆ. ಗಾಡಿಯಲ್ಲಿದ್ದದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದರಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಇಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಡಬ್ಬ. ಎಣ್ಣೆ ತುಂಬಿದ ಆ ಡಬ್ಬದಲ್ಲಿ ಎರಡು ಫ್ಯಾನುಗಳು ಎದುರುಬದುರು. ಒಂದು ತಿರುಗಿದರೆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಒಳಗಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಬಿಡಿಭಾಗ ಎಲ್ಲೂ ಸಿಗುವಂತಿರಲಿಲ್ಲ. ಗುಜರಿಗೆ ಬಿದ್ದ ಲಾರಿಯ ಐದು ಗೇರಿನ ಸಾಮಾನ್ಯ ಬಾಕ್ಸನ್ನು ಕ್ಲಚ್ ಪೆಡಲ್ ಸಮೇತ ತಂದು ಕೂರಿಸುವುದೊಂದೇ ದಾರಿ.

ಹೇಳಿದಷ್ಟು ಸುಲಭವಲ್ಲ ಅದು. ಒಂದು ದೇಶದ ಇಂಜಿನ್ನಿಗೆ ಇನ್ನೊಂದು ದೇಶದ ಗೇರ್‌ಬಾಕ್ಸಿನ ಬೋಲ್ಟುಗಳು ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ಅಡಾಪ್ಟರ್ ಪ್ಲೇಟ್ ಬೇಕು. ಅದರ ಕೇಂದ್ರ ಇಂಜಿನ್ನಿನ ಕೇಂದ್ರಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗೆ ಕೂರಬೇಕು. ತಪ್ಪಿದರೆ ಬೇರಿಂಗ್ ವಾರದಲ್ಲಿ ಪುಡಿಯಾಗುತ್ತದೆ. ಪ್ಲೇಟನ್ನು ಬ್ರಹ್ಮಾವರದಲ್ಲಿ ಕಡೆಯುವುದು, ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಉಪ್ಪುಂದಕ್ಕೆ ಒಯ್ಯುವುದು, ಡಯಲ್ ಗೇಜ್ ಇಟ್ಟು ಅಳೆಯುವುದು, ಮತ್ತೆ ಹೊತ್ತು ತರುವುದು. ಎರಡು ಸಲ ತಪ್ಪಿತು. ಮೂರನೆಯದು ಕೂತಿತು. ಆ ಮೂರು ವಾರ ನನಗೆ ಊಟ ರುಚಿಸಲಿಲ್ಲ. ಮೂವತ್ತೊಂದು ವರ್ಷ ಕಂಪನಿಯ ನಕ್ಷೆ ನೋಡಿ ಕೆಲಸ ಮಾಡಿದವನು ನಾನು. ಈ ಕೆಲಸಕ್ಕೆ ನಕ್ಷೆಯೇ ಇರಲಿಲ್ಲ. ಉಪ್ಪುಂದಕ್ಕೆ ಹೋಗಿಬರುವ ಬಸ್ಸಿನ ಕಿಟಕಿಯಿಂದ ಮೋಡ ನೋಡುತ್ತಾ, ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆ.

ಟ್ರಕ್ಕಿನ ಡ್ರೈವರ್ ಶೀನಣ್ಣ. ಅರವತ್ತು ದಾಟಿದವರು, ಮಾತು ಕಮ್ಮಿ. ಹಿಂದೆ ಮುಂಬೈಯಲ್ಲಿ ಲಾರಿ ಓಡಿಸಿದವರಾದ್ದರಿಂದ ಅವರಿಗೆ ಕ್ಲಚ್ ಕಲಿಸುವ ಅಗತ್ಯವಿಲ್ಲ ಎಂದುಕೊಂಡೆ. ಕ್ಯಾಬಿನ್ನಿನಲ್ಲಿ ಹ್ಯಾಂಡ್‌ಬ್ರೇಕಿನ ಲಿವರ್ ಸಡಿಲವಾಗಿ ನೇತಾಡುತ್ತಿತ್ತು, ಅದರ ಕೇಬಲ್ಲೇ ಇರಲಿಲ್ಲ. ಇದನ್ನು ನಾನು ಮೊದಲ ದಿನವೇ ನೋಡಿದ್ದೆ. ಇಷ್ಟು ವರ್ಷ ಅದಿಲ್ಲದೆ ನಡೆದಿದೆ, ಆಮೇಲೆ ನೋಡಿದರಾಯಿತು ಎಂದು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡಿದ್ದೆ.

ಮೇ ತಿಂಗಳ ಕೊನೆಗೆ ಗಾಡಿ ಸ್ಟಾರ್ಟ್ ಆಯಿತು. ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಗಾಳಿ ಏಳಲಿದೆ, ಎರಡು ದಿನದೊಳಗೆ ದೋಣಿಗಳನ್ನು ಮೇಲೆ ತರಬೇಕು ಎಂಬ ಎಚ್ಚರಿಕೆಯೂ ಬಂತು. ಸಮಯವಿಲ್ಲದ ಕಾರಣ ಮರುದಿನ ಬೆಳಿಗ್ಗೆ ಪರೀಕ್ಷೆಯೂ ಕೆಲಸವೂ ಒಟ್ಟಿಗೇ ಎಂದು ತೀರ್ಮಾನವಾಯಿತು.

ಮೊದಲ ದೋಣಿಗೆ ಹಗ್ಗ ಬಿಗಿದರು. ಶೀನಣ್ಣ ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟರು. ಗಾಡಿ ನಡುಗಿತು, ಮರಳು ಕೊರೆಯಿತು, ಮುಂದೆ ಹೋಯಿತು. ದೋಣಿ ಮೂತಿ ಎತ್ತಿಕೊಂಡು ನೀರಿನಿಂದ ಅರ್ಧ ಮೇಲೆ ಬಂತು. ಆಗ ಹಗ್ಗ ತೊಡಕಿಕೊಂಡಿತು. ರಾಘವ ಮತ್ತು ಇನ್ನೊಬ್ಬ ಮೀನುಗಾರ ಬಿಡಿಸಲು ಟ್ರಕ್ಕಿನ ಹಿಂದೆ ಹೋದರು. ಶೀನಣ್ಣ ಗಾಡಿ ನಿಲ್ಲಿಸಿ, ಗೇರ್ ಲಿವರನ್ನು ಮುಂದಕ್ಕೆ ದೂಡಿ, ತಾವೂ ಕೈಜೋಡಿಸಲು ಕೆಳಗಿಳಿದರು.

ನಾಲ್ಕೈದು ಕ್ಷಣ ಮರಳೇ ಚಕ್ರಗಳನ್ನು ಹಿಡಿದುಕೊಂಡಿತ್ತು. ಅಷ್ಟರಲ್ಲಿ ಒಂದು ತೆರೆ ದೋಣಿಯ ಹಿಂಭಾಗವನ್ನು ಎಳೆಯಿತು. ಹಗ್ಗ ಜಗ್ಗಿತು.

“ಹ್ವಾಯ್, ಗಾಡಿ ಹಿಂದ್ ಬತ್ತಿತ್” ಎಂದು ಕೂಗಿದವರು ಜಲಜಕ್ಕ. ದಂಡೆಯಲ್ಲಿ ಮೀನು ಕೊಂಡು ಮಾರುವ ಹೆಂಗಸು, ರಾಘವನ ಅತ್ತಿಗೆ. ಒಬ್ಬ ಪಕ್ಕಕ್ಕೆ ಹಾರಿದ. ರಾಘವನ ಕಾಲು ಹಗ್ಗದ ಸುರುಳಿಯಲ್ಲಿ ಸಿಕ್ಕಿತ್ತು, ಅವನು ಬಿದ್ದ. ದೋಣಿ ಉರುಳಿಸಲು ಇಟ್ಟಿದ್ದ ಮರದ ದಿಮ್ಮಿಯೊಂದನ್ನು ಜಲಜಕ್ಕ ಎತ್ತಿ ಹಿಂಚಕ್ರಕ್ಕೆ ಅಡ್ಡ ಎಸೆದರು. ಚಕ್ರ ಅದರ ಮೇಲೆ ಹತ್ತುತ್ತಾ ನಿಧಾನವಾಯಿತು. ನಾನು ಓಡಿ, ಹೇಗೆ ಹತ್ತಿದೆನೋ ತಿಳಿಯದು, ಎರಡೂ ಕಾಲಿನಲ್ಲಿ ಬ್ರೇಕ್ ಒತ್ತಿ ಕೂತೆ. ಗಾಡಿ ನಿಂತಿತು. ಆಮೇಲೆ ಇಳಿದು ನೋಡಿದರೆ ಚಕ್ರಕ್ಕೂ ರಾಘವನ ಮೊಣಕಾಲಿಗೂ ನಡುವೆ ಒಂದು ಮೊಳ ಜಾಗವಿತ್ತು.

ಜನ ಶೀನಣ್ಣನನ್ನು ಸುತ್ತುವರಿದರು.

“ಗೇರಂಗ್ ಹಾಕ್ದೆ ಇಳ್ದ್ಯಾ ಶೀನ?” ಗಣಪಯ್ಯ ರೇಗಿದರು. “ವಯಸ್ಸಾಯ್ತ್, ತಲಿಯಂಗ್ ಏನೂ ನಿಲ್ತಿಲ್ಲೆ ಅಂದ್ರೆ ಹೇಳುಕಾಗ್ದಾ?”

ಶೀನಣ್ಣ ಬಿಳಿಚಿಕೊಂಡಿದ್ದರು. “ಮುಂದ್ ದೂಡಿದ್ದೆ” ಎಂದರು. “ಮುಂದ್ ದೂಡ್ರೆ ಗಾಡಿ ನಿಲ್ತಿತ್ತ್. ಇಪ್ಪತ್ತ್ ವರ್ಷ ಹಾಂಗೇ ನಿಲ್ಸಿದ್ದ್.”

ನನಗೆ ಆಗ ಹೊಳೆಯಿತು. ಹಳೆಯ ಗೇರ್‌ಬಾಕ್ಸಿನಲ್ಲಿ ಪಾರ್ಕ್ ಎಂಬ ಸ್ಥಾನವಿತ್ತು. ಲಿವರನ್ನು ತುದಿಗೆ ದೂಡಿದರೆ ಒಳಗೆ ಒಂದು ಉಕ್ಕಿನ ಹಲ್ಲು ಬಿದ್ದು ಚಕ್ರಗಳು ಬೀಗ ಹಾಕಿದಂತೆ ನಿಲ್ಲುತ್ತಿದ್ದವು. ಹ್ಯಾಂಡ್‌ಬ್ರೇಕನ್ನು ಯಾರೂ ರಿಪೇರಿ ಮಾಡಿಸದೆ ಬಿಟ್ಟದ್ದು ಅದಕ್ಕೇ. ನಾನು ತಂದು ಕೂರಿಸಿದ ಬಾಕ್ಸಿನಲ್ಲಿ ಆ ಹಲ್ಲು ಇಲ್ಲ. ಅದರಲ್ಲಿ ಮೊದಲನೇ ಗೇರ್ ಹಿಂದಕ್ಕೆ, ಅಲ್ಲಿಂದ ಮುಂದೆ ದೂಡಿದ ಲಿವರ್ ಯಾವ ಗೇರೂ ಹಿಡಿಯದ ನ್ಯೂಟ್ರಲ್‌ಗೆ ಬಂದು ನಿಂತಿತ್ತು. ಶೀನಣ್ಣನ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತ್ತು.

ಇದು ಅಲ್ಲಿ ನನ್ನೊಬ್ಬನಿಗೆ ಗೊತ್ತಿದ್ದ ಸಂಗತಿ. ಸುಮ್ಮನಿದ್ದರೆ ಮುದುಕ ಮರೆತ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಸುಮ್ಮನಿರಬೇಕು ಎಂದು ಒಂದು ಗಳಿಗೆ ಅನಿಸಿದ್ದೂ ಹೌದು, ಅದನ್ನು ಮುಚ್ಚಿಡುವುದಿಲ್ಲ. ಶೀನಣ್ಣ ತಮ್ಮ ಬಲಗೈಯನ್ನೇ ನೋಡುತ್ತಾ ನಿಂತಿದ್ದರು. ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ.

“ತಪ್ಪು ಅವ್ರದ್ದಲ್ಲ, ನಂದ್” ಎಂದೆ. “ಗೇರ್‌ಬಾಕ್ಸ್ ಮಾತ್ರ ಬಿಚ್ಚಿದೆ ಅಂದ್ಕಂಡಿದ್ದೆ. ಅದ್ರೊಟ್ಟಿಗೆ ಗಾಡಿ ಬ್ರೇಕನ್ನೂ ಬಿಚ್ಚಿ ಹಾಕಿದ್ದೆ. ಹ್ಯಾಂಡ್‌ಬ್ರೇಕ್ ಇಲ್ಲೆ ಅಂದೂ ಗೊತ್ತಿತ್ತ್ ನಂಗೆ.”

ಮರಳಲ್ಲಿ ಕೂತು ಕಾಲಿನ ಹಗ್ಗ ಬಿಡಿಸಿಕೊಳ್ಳುತ್ತಿದ್ದ ರಾಘವ ತಲೆ ಎತ್ತಿದ. “ಅದ್ ಹೋಯ್ಲಿ ಐತಾಳ್ರೆ. ನಾಳಿಗ್ ಗಾಡಿ ನಿಲ್ತಾ?”

ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪ್ರಶ್ನೆಗೆ ಹೌದು ಎನ್ನಲು ಧೈರ್ಯವಾಗದೆ, “ನಿಲ್ದೆ ಇದ್ರೆ ಯಾರನ್ನೂ ಹತ್ರ ಬಿಡುದಿಲ್ಲೆ” ಎಂದಷ್ಟೇ ಹೇಳಿದೆ.

ಕುಂದಾಪುರದ ಗುಜರಿ ಅಂಗಡಿಗಳಲ್ಲಿ ಹುಡುಕಿ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಕೂರುವ ಹ್ಯಾಂಡ್‌ಬ್ರೇಕ್ ಡ್ರಮ್ ಒಂದನ್ನು ತಂದೆ. ಇಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಉದ್ದ ದಂಡವೇ ಪ್ರೊಪೆಲ್ಲರ್ ಶಾಫ್ಟ್. ಅದನ್ನು ಹಿಡಿದರೆ ಗಾಡಿಯನ್ನೇ ಹಿಡಿದಂತೆ. ಸಂಜೆಯೊಳಗೆ ಕೂರಿಸಿ, ಹೊಸ ಕೇಬಲ್ ಎಳೆದೆ. ಮರುದಿನ ಬೆಳಿಗ್ಗೆ ಇಳಿಜಾರಿನಲ್ಲಿ ಖಾಲಿ ಗಾಡಿ ನಿಲ್ಲಿಸಿ, ಹಿಂದೆ ಯಾರನ್ನೂ ಬಿಡದೆ, ಹತ್ತು ಸಲ ನೋಡಿದೆ. ದೋಣಿ ಕಟ್ಟಿ ಮತ್ತೆ ಹತ್ತು ಸಲ. ಪ್ರತಿ ಸಲ ಚಕ್ರದ ಪಕ್ಕ ಮರಳಿನಲ್ಲಿ ಗೀಟು ಎಳೆದು, ಅದು ದಾಟಿತೋ ಎಂದು ಬಗ್ಗಿ ನೋಡುತ್ತಿದ್ದೆ. ದಾಟಲಿಲ್ಲ.

ಶೀನಣ್ಣ ಮಾತ್ರ ದೂರದಲ್ಲೇ ಇದ್ದರು. ಕರೆದೆ.

“ನಂಗ್ ಹೆದ್ರಿಕಿ ಆತ್ತ್” ಎಂದರು. “ಕೈ ಹಳೇದನ್ನೇ ಮಾಡ್ರೆ?”

“ನಂಗೂ ಹೆದ್ರಿಕಿ ಇತ್ತ್. ನಾನ್ ಬದಿಯಂಗೆ ಕೂಕಂತೆ. ನಿಲ್ಸುವಾಗೆಲ್ಲ ಇಬ್ರೂ ಬಾಯಲ್ಲಿ ಹೇಳುವ.”

ಹಾಗೆಯೇ ಮಾಡಿದೆವು. ಗಾಡಿ ನಿಂತಾಗಲೆಲ್ಲ ಶೀನಣ್ಣ “ಹ್ಯಾಂಡ್‌ಬ್ರೇಕ್” ಎನ್ನುವರು, ನಾನು ಲಿವರ್ ಮುಟ್ಟಿ “ಬಿತ್ತ್” ಎನ್ನುವೆ. ಆಮೇಲೆಯೇ ಅವರು ಪೆಡಲಿನಿಂದ ಕಾಲು ತೆಗೆಯುವರು. ಮಧ್ಯಾಹ್ನಕ್ಕೆ ಗಾಳಿ ಜೋರಾಗಿ, ಮರಳು ಮುಖಕ್ಕೆ ಹೊಡೆಯತೊಡಗಿತು. ಹದಿನಾಲ್ಕನೆಯ ದೋಣಿ ಮೇಲೆ ಬಂದಾಗ ನನ್ನ ಅಂಗಿ ಬೆವರಿಗೆ ತೊಯ್ದಿತ್ತು. ಜಲಜಕ್ಕ ದಿಮ್ಮಿ ಹಿಡಿದುಕೊಂಡು ಕೊನೆಯವರೆಗೂ ಚಕ್ರದ ಪಕ್ಕದಲ್ಲೇ ನಡೆದರು. ನಮ್ಮನ್ನು ಪೂರ್ತಿ ನಂಬಲಿಲ್ಲ, ನಂಬದಿದ್ದುದೇ ಸರಿ.

ಒಂದು ಭಾಗ ಯಂತ್ರದಲ್ಲಿ ಏನು ಕೆಲಸ ಮಾಡುತ್ತದೆ ಎಂಬುದು ಪುಸ್ತಕದಲ್ಲಿ ಸಿಗುತ್ತದೆ. ಅದನ್ನು ದಿನವೂ ಬಳಸುವವನು ಅದರಿಂದ ಏನು ಕೆಲಸ ಮಾಡಿಸಿಕೊಳ್ಳುತ್ತಿದ್ದಾನೆ ಎಂಬುದು ಅವನ ಕೈಗೆ ಮಾತ್ರ ಗೊತ್ತಿರುತ್ತದೆ, ಎಷ್ಟೋ ಸಲ ಅವನಿಗೂ ಗೊತ್ತಿರುವುದಿಲ್ಲ. ಈಗ ಯಾವ ಗಾಡಿ ಬಂದರೂ ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರನ್ನು ಸೀಟಿನಲ್ಲಿ ಕೂರಿಸಿ, “ನಿಲ್ಸಿ ಇಳುದ್ ಹ್ಯಾಂಗೆ, ಒಂದ್ ಸಲ ಮಾಡಿ ತೋರ್ಸಿ” ಎನ್ನುತ್ತೇನೆ. ಕೆಲವರು ನಗುತ್ತಾರೆ. ನಾನು ಅವರ ಕೈಯನ್ನೇ ನೋಡುತ್ತಿರುತ್ತೇನೆ.