ಕಿಟಕಿ ಕಡೆಯ ಕಿವಿ

ಶಶಿಕಲಾಳಿಗೆ ದಿನದಲ್ಲಿ ಯಾರ ಹಂಗೂ ಇಲ್ಲದ ಹೊತ್ತು ಅಂತ ಒಂದಿದ್ದರೆ ಅದು ಮಾಕಳಿಯಲ್ಲಿ ಬಸ್ಸು ಹತ್ತಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುವವರೆಗಿನದು. ಮನೆಯಲ್ಲಿ ಕುಕ್ಕರ್ ಕೂಗಿದರೆ ಅವಳೇ ಓಡಬೇಕು, ಪೀಣ್ಯದ ಕಾರ್ಖಾನೆಯಲ್ಲಿ ಬೆಲ್ ಹೊಡೆದರೂ ಅವಳೇ ಓಡಬೇಕು. ಬಸ್ಸಿನಲ್ಲಿ ಮಾತ್ರ ಓಡುವುದು ಬಸ್ಸಿನ ಕೆಲಸ. ತುಮಕೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಅದೂ ಓಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಉಳಿದವರೆಲ್ಲ ಸಿಗ್ನಲ್ಲಿಗೆ ಹಿಡಿಶಾಪ ಹಾಕುತ್ತಿದ್ದರೆ ಶಶಿಕಲಾ ಮನಸ್ಸಿನಲ್ಲೇ ಕೆಂಪು ದೀಪಕ್ಕೆ ಕೈಮುಗಿದು, ಇನ್ನೊಂದು ಹಾಡು ಮುಗಿಯುವ ತನಕ ಹೀಗೇ ಇರಪ್ಪ ಎಂದು ಬೇಡಿಕೊಳ್ಳುತ್ತಿದ್ದಳು.

ಅವಳ ಫೋನಿನಲ್ಲಿ ರೇಡಿಯೋ ಇತ್ತು. ಗಂಡ ರಾಜೇಂದ್ರ ಹೊಸ ಫೋನು ಕೊಂಡಾಗ ಹಳೆಯದು ಇವಳ ಪಾಲಿಗೆ ಬಂದದ್ದು. ಮೂಲೆ ಒಡೆದಿತ್ತು. ಪ್ರತಿ ಆಯುಧಪೂಜೆಯಲ್ಲೂ ಅವಳು ಅದನ್ನು ಕಾರ್ಖಾನೆಯ ಸ್ಪ್ಯಾನರು, ಸುತ್ತಿಗೆಗಳ ಸಾಲಿನಲ್ಲಿಟ್ಟು ಪೂಜೆ ಮಾಡಿಸುತ್ತಿದ್ದುದರಿಂದ ಆ ಬಿರುಕಿನಲ್ಲಿ ಕುಂಕುಮ ಕೂತುಬಿಟ್ಟಿತ್ತು. ರೇಡಿಯೋ ಹಾಡಬೇಕಾದರೆ ಇಯರ್‌ಫೋನಿನ ವೈರು ಸಿಕ್ಕಿಸಲೇಬೇಕು, ಆ ವೈರೇ ಅದಕ್ಕೆ ಏರಿಯಲ್ಲು. ಇಂಟರ್ನೆಟ್ಟು ಬೇಡ, ರೀಚಾರ್ಜು ಬೇಡ. ಆಕಾಶದಲ್ಲಿ ಸುಮ್ಮನೆ ಹೋಗುತ್ತಿರುವ ಹಾಡನ್ನು ದಾರಿಯಲ್ಲಿ ನಿಲ್ಲಿಸಿ, ಬಾರಮ್ಮ ಎಂದು ಒಳಗೆ ಕರೆದುಕೊಂಡಂತೆ.

ವೈರಿನ ಒಂದು ತುದಿ ಶಶಿಕಲಾಳ ಕಿವಿಗೆ. ಇನ್ನೊಂದು ತುದಿ ವೆಂಕಟಮ್ಮನದು.

ವೆಂಕಟಮ್ಮ ಮಾಕಳಿಯವಳೇ. ಅವಳ ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗೋಡೌನ್ ನಿಂತಿದೆ, ಮನೆಯ ಹಿಂದೆ ಬಾಡಿಗೆಯ ಕೋಣೆಗಳಿವೆ. ಆರಾಮಾಗಿ ಕೂತು ತಿನ್ನಬಹುದಾಗಿತ್ತು. ಆದರೆ ಮನೆಯಲ್ಲಿ ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಹೇಳಿ, ಗಂಡ ನರಸಪ್ಪನನ್ನೂ ಮನೆಯ ಒಂದೇ ಒಂದು ಫೋನನ್ನೂ ಬಾಡಿಗೆಯವರ ಪಂಚಾಯಿತಿಗೆ ಬಿಟ್ಟು, ಅವಳು ಶಶಿಕಲಾ ಕೆಲಸ ಮಾಡುವ ಕಾರ್ಖಾನೆಗೇ ಬರುತ್ತಿದ್ದಳು. ಅಲ್ಲಿ ಸ್ವಿಚ್ಚು ಕೂರಿಸುವ ತಗಡಿನ ಡಬ್ಬಿ ತಯಾರಾಗುತ್ತದೆ. ವೆಂಕಟಮ್ಮ ಪ್ರೆಸ್ಸಿನಲ್ಲಿ ತಗಡು ಕತ್ತರಿಸುವವಳು, ಶಶಿಕಲಾ ಇನ್ನೊಂದು ಕಟ್ಟಡದಲ್ಲಿ ಪ್ಯಾಕಿಂಗ್ ಮಾಡುವವಳು. ಪ್ರೆಸ್ಸಿನ ಸದ್ದಿಗೆ ಅಲ್ಲಿಯವರು ಬಾಯಿ ಬಿಟ್ಟು ಮಾತಾಡುವುದಿಲ್ಲ, ತುಟಿ ಕೈ ಆಡಿಸಿಯೇ ಸಂಸಾರದ ಕಥೆಯೆಲ್ಲ ಹೇಳಿಕೊಳ್ಳುತ್ತಾರೆ. ಊಟದ ಹೊತ್ತೂ ಇಬ್ಬರಿಗೂ ಬೇರೆ ಬೇರೆ. ಹಾಗಾಗಿ ಅವರ ಸ್ನೇಹ ಹುಟ್ಟಿದ್ದು, ಬೆಳೆದದ್ದು, ಬದುಕಿದ್ದು ಎಲ್ಲವೂ ಬಸ್ಸಿನಲ್ಲಿ.

ಕಿಟಕಿಯ ಸೀಟು ಯಾವತ್ತೂ ವೆಂಕಟಮ್ಮನದೇ. ವೈರನ್ನು ಅವಳು ಕತ್ತಿನ ಹಿಂದಿನಿಂದ ಸುತ್ತಿ ತಂದು ಕಿಟಕಿ ಕಡೆಯ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಹತ್ತಿರದ ಕಿವಿ ಇರುವಾಗ ಈ ಪ್ರದಕ್ಷಿಣೆ ಯಾಕೆ ಎಂದು ಶಶಿಕಲಾ ಮೊದಮೊದಲು ಕೇಳಿದ್ದುಂಟು. ಕಿಟಕಿಯಿಂದ ಆ ಕಿವಿಗೆ ಗಾಳಿ ಹೋಗುತ್ತದೆ, ಅದನ್ನು ಮುಚ್ಚಿಕೊಂಡಂತೆಯೂ ಆಗುತ್ತದೆ ಎಂಬ ಉತ್ತರ ಸಿಕ್ಕಿತ್ತು. ವೈರು ಗಿಡ್ಡ. ಅಷ್ಟು ದೂರ ಎಳೆಯಬೇಕಾದರೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡೇ ಕೂರಬೇಕು. ಹಾಗೇ ಕೂತು, ಹಾಗೇ ಅಭ್ಯಾಸವಾಯಿತು.

ಆಮೇಲೆ ಶುರುವಾಗುತ್ತಿತ್ತು ಶಶಿಕಲಾಳ ಲೋಕಸಂಚಾರ. ಮಾದಾವರದ ಕಡೆಯ ತೆಳು ಮಂಜು, ನೆತ್ತಿಯ ಮೇಲೆ ಸದ್ದಿಲ್ಲದೆ ಸರಿಯುವ ಮೆಟ್ರೋ, ಒಂದರ ಹಿಂದೊಂದು ಬಂದು ಹೋಗುವ ಕಂಬಗಳು, ಲಾರಿಗಳ ಹಾರನ್ನು ಎಲ್ಲವೂ ಹಾಡಿನೊಳಗೆ ಸೇರಿಕೊಂಡು ಅವಳಿಗಾಗಿಯೇ ಯಾರೋ ಕಟ್ಟಿದ ಮೇಳದಂತೆ ಕೇಳುತ್ತಿತ್ತು. ರೇಡಿಯೋದಲ್ಲಿ ಮಾತಾಡುವ ಹೆಣ್ಣುಮಗಳಿಗೆ ಅವಳು ಒಂದು ಮನೆ ಕಟ್ಟಿಕೊಟ್ಟಿದ್ದಳು. ಅಂಗಳದಲ್ಲಿ ಮಲ್ಲಿಗೆ ಬಳ್ಳಿ, ಹಿತ್ತಲಲ್ಲಿ ಬಾವಿ, ಕೂದಲು ಒಣಗಿಸಿಕೊಳ್ಳಲು ಬೇಕಾದಷ್ಟು ಬಿಸಿಲು. ದಾಸರಹಳ್ಳಿ ದಾಟುವಾಗ ಆ ಮನೆಯ ಜಗಲಿಯಲ್ಲಿ ಶಶಿಕಲಾಳೂ ಹೋಗಿ ಕೂತಿರುತ್ತಿದ್ದಳು.

ವೆಂಕಟಮ್ಮ ಹಾಡಿಗೆ ಹಾಡು ಅನ್ನುತ್ತಿರಲಿಲ್ಲ, ಪದ ಅನ್ನುತ್ತಿದ್ದಳು; ಹಾಡುವುದು ಅವಳ ಬಾಯಲ್ಲಿ ‘ಪದ ಏಳೋದು’. ಕಣ್ಣು ಮುಚ್ಚಿ, ಶಶಿಕಲಾಳ ಮುಂಗೈ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದಳು. ಆ ತಾಳ ಯಾವಾಗಲೂ ತುಸು ತಡವಾಗಿ ಬೀಳುತ್ತಿತ್ತು. ಹಾಡು ನಿಂತು ಬರೀ ಪಿಟೀಲು, ಕೊಳಲು ಶುರುವಾದರೆ ಬೆರಳೂ ನಿಂತುಬಿಡುತ್ತಿತ್ತು. ಅಕ್ಕನಿಗೆ ವಾದ್ಯ ಸೇರುವುದಿಲ್ಲ ಎಂದು ಶಶಿಕಲಾ ಅಂದುಕೊಂಡಿದ್ದಳು. ಸುತ್ತಲಿನವರು ಒಮ್ಮೊಮ್ಮೆ ತಿರುಗಿ ಇವರನ್ನೇ ನೋಡಿ ನಗುತ್ತಿದ್ದರು. ಒಂದೇ ವೈರಿಗೆ ಕಟ್ಟಿಹಾಕಿಕೊಂಡ ಜೋಡಿ ಹಸುಗಳ ಹಾಗೆ ಕೂತಿರುವುದಕ್ಕೆ ನಗುತ್ತಾರೆ, ನಗಲಿ ಬಿಡು, ಎಂದು ಅವಳು ಆ ಕಡೆ ಗಮನ ಕೊಟ್ಟವಳಲ್ಲ.

ಹಾಡು ಇಷ್ಟಪಡುವವಳು ತಾನೇ ಹಾಡಬಾರದೇ ಎಂದು ನೀವು ಕೇಳಬಹುದು. ಶಶಿಕಲಾಳಿಗೆ ಆ ಬಾಗಿಲು ಮುಚ್ಚಿ ಬಹಳ ಕಾಲವಾಗಿತ್ತು. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಾಗ ಟೀಚರೊಬ್ಬರು ಹತ್ತಿರ ಬಂದು, ನೀನು ಬಾಯಿ ಆಡಿಸಿದರೆ ಸಾಕು, ದನಿ ಬೇಡ ಎಂದು ಮೆಲ್ಲಗೆ ಹೇಳಿ ಹೋಗಿದ್ದರು. ಅವರು ಅಂದೇ ಮರೆತಿರಬೇಕು, ಇವಳು ಮರೆಯಲಿಲ್ಲ. ಅಂಥ ಮಾತು ಆಡುವವರ ನಾಲಿಗೆಗೆ ಬೀಗ ಹಾಕುವ ಪದ್ಧತಿ ಯಾಕಿಲ್ಲವೋ ನಾ ಕಾಣೆ. ಅಂದಿನಿಂದ ತಾನು ಹಾಡಿದ್ದೇ ಇಲ್ಲ ಎಂದು ಶಶಿಕಲಾ ನಂಬಿದ್ದಳು. ಮಗಳು ಕೃಪಾಳನ್ನು ತೊಟ್ಟಿಲಲ್ಲಿ ತೂಗುವಾಗಲೂ ರೇಡಿಯೋ ಹಚ್ಚಿಯೇ ತೂಗಿದವಳು.

ಹೀಗಿರುವಾಗ ಕಾರ್ಖಾನೆಯಲ್ಲಿ ಹಾಜರಿಯ ಪದ್ಧತಿ ಬದಲಾಯಿತು. ಇನ್ನು ಮುಂದೆ ಗೇಟಿನಲ್ಲಿ ಅವರವರ ಫೋನಿಗೆ ಅವರವರ ಮುಖ ತೋರಿಸಿದರೆ ಹಾಜರಿ. ಫೋನು ಇಲ್ಲದ ವೆಂಕಟಮ್ಮನಂಥವರಿಗೆ ವಾಚ್‌ಮನ್ ಹತ್ತಿರ ಹಳೆಯ ಯಂತ್ರ, ಇದ್ದವರಿಗೆಲ್ಲ ಆ್ಯಪ್ಪು. ಶಶಿಕಲಾಳ ಫೋನಿಗೆ ಆ ಆ್ಯಪ್ಪು ಇಳಿಯಲೇ ಇಲ್ಲ. ಆಫೀಸಿನ ನಿವೇದಿತಾ ಮೇಡಂ ಒಳ್ಳೆಯ ಹುಡುಗಿ, ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, ಇದರೊಳಗಿನ ಸಿಸ್ಟಮ್ ಹಳೆಯದಾಗಿದೆ, ಅಪ್‌ಡೇಟ್ ಬಂದು ಕಾಯುತ್ತಿದೆ, ಮಾಡಿಸಿಕೊಂಡು ಬನ್ನಿ ಅಕ್ಕ, ಮುಂದಿನ ತಿಂಗಳಿಂದ ಆ್ಯಪ್ಪಿಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದಳು.

ಅಪ್‌ಡೇಟ್ ಕಾಯುತ್ತಿರುವುದು ಶಶಿಕಲಾಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ದಿನಾ ಬೆಳಗ್ಗೆ ಅದು ಬಾಗಿಲಿಗೆ ಬಂದ ನೆಂಟನ ಹಾಗೆ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಇವಳು ದಿನಾ ‘ನಂತರ’ ಎಂಬುದನ್ನು ಒತ್ತಿ ಕಳಿಸುತ್ತಿದ್ದಳು. ಮಾಕಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಂದೀಶ್ ಹಿಂದೊಮ್ಮೆ ಹೇಳಿದ್ದ, ಈ ಮಾಡೆಲ್ಲಿಗೆ ಹೊಸ ಸಿಸ್ಟಮ್ ಹಾಕಿದರೆ ರೇಡಿಯೋ ಹೋಗುತ್ತದೆ, ಮತ್ತೆ ವಾಪಸು ಬರುವುದಿಲ್ಲ ಅಂತ. ಬೇಕಾದರೆ ನೆಟ್ಟಿನಲ್ಲಿ ಕೇಳಿ ಎಂದು ದಾರಿಯನ್ನೂ ತೋರಿಸಿದ್ದ. ಅವಳು ಅದನ್ನೂ ಪರೀಕ್ಷಿಸಿ ನೋಡಿದ್ದಳು. ಅರ್ಧ ಸಾಲು ಹಾಡಿ, ಪರದೆಯ ಮೇಲೆ ಚಕ್ರ ತಿರುಗಿಸಿ, ಎಂಟನೇ ಮೈಲಿಯ ಹಾಡನ್ನು ಜಾಲಹಳ್ಳಿ ಕ್ರಾಸಿನಲ್ಲಿ ಮುಗಿಸುವ ಆ ಕರ್ಮ ಯಾರಿಗೂ ಬೇಡ.

ಹಾಡು ಹೋಗುವುದಕ್ಕಿಂತ ಅವಳಿಗೆ ಹೆದರಿಕೆಯಾದದ್ದು ಇನ್ನೊಂದಕ್ಕೆ. ರೇಡಿಯೋ ಇಲ್ಲದಿದ್ದರೆ ವೆಂಕಟಮ್ಮ ಯಾಕೆ ತನ್ನ ಪಕ್ಕ ಕೂರುತ್ತಾಳೆ? ಅದೇ ಬಸ್ಸಿನಲ್ಲಿ ಅವಳ ಊರಿನ ಹೆಂಗಸರಿದ್ದಾರೆ, ನಾದಿನಿಯಿದ್ದಾಳೆ. ಬಾಯ್ತುಂಬ ಮಾತಾಡುವವರು. ತನ್ನ ಹತ್ತಿರ ಇದ್ದದ್ದು ಒಂದು ವೈರು. ಹಾಜರಿ ಬಿಡುವಂತಿಲ್ಲ, ಹಾಡು ಕೊಡುವಂತಿಲ್ಲ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಒಂದು ಭಾನುವಾರ ಸಂಜೆ ನಂದೀಶನ ಅಂಗಡಿಗೆ ಹೋದಳು. ಅವನು ಫೋನನ್ನು ಚಾರ್ಜಿಗೆ ಹಾಕಿ, ಅಂಗಡಿಯ ವೈಫೈಗೆ ಜೋಡಿಸಿದ.

“ಯೋಚ್ನೆ ಮಾಡಿ ಅಕ್ಕ. ಒತ್ತಿದ್ಮೇಲೆ ವಾಪಸ್ ಬರಕ್ಕಾಗಲ್ಲ.”

“ಒತ್ತಪ್ಪ,” ಎಂದಳು ಶಶಿಕಲಾ, ಬೇರೆ ಕಡೆ ನೋಡಿಕೊಂಡು.

ಪರದೆ ಕಪ್ಪಾಯಿತು. ಅದರ ನಡುವೆ ಒಂದು ಸಣ್ಣ ಉಂಗುರ ತಿರುಗತೊಡಗಿತು. ನಂದೀಶ್ ಬೇರೆ ಗಿರಾಕಿಯ ಕಡೆ ತಿರುಗಿದ. ಸ್ಟೂಲಿನ ಮೇಲೆ ಕೂತ ಶಶಿಕಲಾ ಉಂಗುರವನ್ನೇ ನೋಡುತ್ತ ನೋಡುತ್ತ, ಫ್ಯಾನಿನ ಗಾಳಿಗೆ ಗೋಡೆಗೆ ಒರಗಿ ತೂಕಡಿಸಿದಳು. ತೂಕಡಿಕೆಯಲ್ಲಿ ಆ ಮನೆ ಕಂಡಿತು. ರೇಡಿಯೋದ ಹೆಣ್ಣುಮಗಳು ಅಂಗಳದಲ್ಲಿ ಹಾಸಿದ್ದ ಚಾಪೆ ಸುತ್ತುತ್ತಿದ್ದಳು. ಪಿಟೀಲಿನವನು ಪಿಟೀಲನ್ನು ಪಂಚೆಯಲ್ಲಿ ಕಟ್ಟಿಕೊಂಡಿದ್ದ, ಕೊಳಲಿನವನು ದೀಪ ಆರಿಸುತ್ತಿದ್ದ. ಎಲ್ಲರೂ ಸಾಲಾಗಿ ಹೊರಟರು, ಯಾರಿಗೂ ಇವಳ ಮೇಲೆ ಸಿಟ್ಟಿದ್ದಂತಿರಲಿಲ್ಲ. ಎಲ್ಲಿಗೆ ಹೊರಟಿರಿ ಎಂದು ಕೇಳಲು ಬಾಯಿ ತೆರೆದಳು, ದನಿ ಬರಲಿಲ್ಲ. ಆ ಹೆಣ್ಣುಮಗಳು ಬಾಗಿಲ ಬೀಗದ ಕೈಯನ್ನು ಇವಳ ಅಂಗೈಯಲ್ಲಿಟ್ಟು ಹೊರಟುಹೋದಳು.

ನಂದೀಶ್ ಎಬ್ಬಿಸಿದಾಗ ಅಂಗೈಯಲ್ಲಿದ್ದದ್ದು ಫೋನು. ಬಿಸಿಯಾಗಿತ್ತು. ಚಿತ್ರಗಳೆಲ್ಲ ದುಂಡಗೆ, ಬಣ್ಣಬಣ್ಣವಾಗಿ, ಸ್ನಾನ ಮಾಡಿಸಿದ ಮಗುವಿನ ಹಾಗೆ ಲಕ್ಷಣವಾಗಿದ್ದವು. ಹಾಜರಿಯ ಆ್ಯಪ್ಪು ಒಂದೇ ಏಟಿಗೆ ಇಳಿಯಿತು. ರೇಡಿಯೋ ಇದ್ದ ಜಾಗದಲ್ಲಿ ಇನ್ನೇನೋ ಬಂದು ಕೂತಿತ್ತು.

ಸೋಮವಾರ ಬಸ್ಸಿನಲ್ಲಿ ಅವಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಎಂದಿನಂತೆ ವೈರು ಸಿಕ್ಕಿಸಿದಳು, ಒಂದು ತುದಿಯನ್ನು ತನ್ನ ಕಿವಿಗಿಟ್ಟುಕೊಂಡಳು. ವೆಂಕಟಮ್ಮ ಇನ್ನೊಂದನ್ನು ಕತ್ತಿನ ಹಿಂದಿನಿಂದ ಸುತ್ತಿ ಕಿಟಕಿ ಕಡೆಯ ಕಿವಿಗೆ ಹಾಕಿಕೊಂಡು, ತಲೆ ಒರಗಿಸಿ ಕಣ್ಣು ಮುಚ್ಚಿದಳು. ವೈರಿನಲ್ಲಿ ಏನೂ ಇರಲಿಲ್ಲ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಶಶಿಕಲಾ ಕಾಯುತ್ತ ಕೂತಳು. ಸಿಗ್ನಲ್ ಸರಿಯಿಲ್ಲ ಎನ್ನಲೇ, ವೈರು ಕೆಟ್ಟಿದೆ ಎನ್ನಲೇ ಎಂದು ಸುಳ್ಳುಗಳನ್ನೆಲ್ಲ ಜೋಡಿಸಿಟ್ಟುಕೊಂಡಳು. ಮಾದಾವರ ಬಂತು, ಹೋಯಿತು. ವೆಂಕಟಮ್ಮ ನೆಮ್ಮದಿಯಾಗಿ ಕೂತೇ ಇದ್ದಳು. ಅವಳ ಬೆರಳು ಮುಂಗೈ ಮೇಲೆ ಸುಮ್ಮನೆ ಬಿದ್ದಿತ್ತು, ಬರೀ ವಾದ್ಯ ನುಡಿಯುವಾಗ ಇರುತ್ತಿತ್ತಲ್ಲ, ಹಾಗೆ.

ಸತ್ತ ವೈರಿನಲ್ಲಿ ಇವಳಿಗೇನು ಕೇಳಿಸುತ್ತಿದೆ? ಶಶಿಕಲಾಳಿಗೆ ತಲೆಬುಡ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ವೆಂಕಟಮ್ಮ ಕಣ್ಣು ತೆರೆದಳು. ಫೋನಿನ ಕಡೆ ನೋಡಲಿಲ್ಲ, ಶಶಿಕಲಾಳ ಬಾಯಿಯನ್ನೇ ನೋಡಿದಳು.

“ಯಾಕೆ ಕಣೇ ಶಶಿ, ಇವತ್ತು ಪದಾನೇ ಏಳ್ತಿಲ್ಲ? ಮೈಗೆ ಉಷಾರಿಲ್ವಾ?”

“ರೇಡಿಯೋ ಹೋಯ್ತು ಅಕ್ಕ.” ಜೋಡಿಸಿಟ್ಟುಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. “ಹಾಜರಿಗೋಸ್ಕರ ಫೋನ್ ಅಪ್‌ಡೇಟ್ ಮಾಡಿಸ್ಬಿಟ್ಟೆ. ಇನ್ಮೇಲೆ ಅದು ಬರಲ್ಲ.”

“ರೇಡಿಯೋ ಓದ್ರೆ ಓಗ್ಲಿ. ನಾನು ಕೇಳಿದ್ದು ನಿನ್ನ.”

ಶಶಿಕಲಾ ಅರ್ಥವಾಗದೆ ನೋಡಿದಳು. ವೆಂಕಟಮ್ಮ ಕಿಟಕಿ ಕಡೆಯ ಕಿವಿಯನ್ನು ಬೆರಳಿನಿಂದ ಮುಟ್ಟಿದಳು.

“ಈ ಕಿವಿ ಓಗಿ ಎಷ್ಟೋ ಕಾಲ ಆಯ್ತು ಕಣೇ. ಪ್ರೆಸ್ಸು ತಿಂದಾಕ್ತು. ಈ ಕಡೇದು ನೆಟ್ಟಗದೆ. ನೀನು ವೈರು ಆಕ್ಕೊಂಡೇಟ್ಗೆ ಸಣ್ಣಗೆ ಪದ ಏಳ್ಕೊಂತೀಯಲ್ಲ, ಅದು ಕೇಳ್ಲಿ ಅಂತ ಇದನ್ನ ನಿನ್ನ ಕಡೀಕೆ ಇಟ್ಕೊಂಡಿದ್ದೆ.”

ತಾನು ಹಾಡುತ್ತಿದ್ದೆನೇ? ತಿರುಗಿ ನೋಡಿ ನಗುತ್ತಿದ್ದವರ ಮುಖಗಳೆಲ್ಲ ಒಮ್ಮೆಲೇ ಶಶಿಕಲಾಳ ಕಣ್ಣೆದುರು ಬಂದವು. ನಾಚಿಕೆಯಿಂದ ಕಿವಿಯ ತುದಿ ಬಿಸಿಯಾಯಿತು. ತಡವಾಗಿ ಬೀಳುತ್ತಿದ್ದ ತಾಳ, ಪಿಟೀಲು ಬಂದಾಗ ನಿಲ್ಲುತ್ತಿದ್ದ ಬೆರಳು. ಇಷ್ಟು ಕಾಲವೂ ಈ ಅಕ್ಕನಿಗೆ ರೇಡಿಯೋ ಎಂದರೆ ತಾನೇ ಆಗಿದ್ದೆ. ಟೀಚರು ಬೇಡವೆಂದ ದನಿಯನ್ನು ಒಬ್ಬಳು ದಿನಾ ಬೆಳಗ್ಗೆ ಕಾದು ಕೂತು ಕೇಳಿದ್ದಳು.

“ಮತ್ತೆ ಹೇಳ್ಬಾರ್ದಾ ಅಕ್ಕ, ಆ ಕಿವಿ ಕೇಳಲ್ಲ ಅಂತ?”

“ಏಳಿದ್ರೆ ನೀನು ವೈರು ಕಿತ್ಕೊಂಡು ಎರಡು ಕಿವೀಗೂ ಆಕ್ಕೊಂತಿದ್ದೆ,” ಎಂದಳು ವೆಂಕಟಮ್ಮ. “ಆಮೇಲೆ ನನ್ನ ಪಕ್ಕ ಇಂಗೆ ತಲೆ ಅಂಟಿಸ್ಕೊಂಡು ಯಾರು ಕೂರೋರು?”

ಶಶಿಕಲಾಳಿಗೆ ಅಳು ಬಂತು, ನಗುವೂ ಬಂತು. ಇಬ್ಬರೂ ಒಂದೇ ಹೆದರಿಕೆಯನ್ನು ಒಂದೇ ಸೀಟಿನಲ್ಲಿ ಬಚ್ಚಿಟ್ಟುಕೊಂಡು ಓಡಾಡಿದ್ದರು. ಇಯರ್‌ಫೋನನ್ನು ತೆಗೆಯಬೇಕೆಂದು ಅವಳಿಗೂ ಅನ್ನಿಸಲಿಲ್ಲ, ವೆಂಕಟಮ್ಮನಿಗೂ ಅನ್ನಿಸಲಿಲ್ಲ.

ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಎಂಜಿನ್ ಸದ್ದು ಇಳಿದು, ಬಸ್ಸಿನೊಳಗೆ ಒಂದು ಗಳಿಗೆ ಎಲ್ಲರ ಉಸಿರೂ ಕೇಳಿಸುವಷ್ಟು ಮೌನವಾಯಿತು. ಮುಂದಿನ ಸೀಟಿನ ಹೆಂಗಸು ಅರೆ ತಿರುಗಿ ಕೂತಿದ್ದಳು. ಶಶಿಕಲಾ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮಲ್ಲಿಗೆ ಬಳ್ಳಿಯ ಮನೆಯಲ್ಲಿ ತುಂಬ ಸಲ ಕೇಳಿದ್ದ ಒಂದು ಹಳೆಯ ಹಾಡನ್ನು ಎತ್ತಿಕೊಂಡಳು. ಮೊದಲ ಸಾಲು ನಡುಗಿತು. ಎರಡನೆಯದು ಅರ್ಧಕ್ಕೆ ನಿಂತು, ಮತ್ತೆ ಹೊರಟಿತು.

ಮುಂಗೈ ಮೇಲಿನ ಬೆರಳು ಅಲುಗಿತು.

“ವಸಿ ಜೋರಾಗಿ ಏಳು,” ಎಂದಳು ವೆಂಕಟಮ್ಮ ಕಣ್ಣು ಮುಚ್ಚಿಕೊಂಡು.

ಶಶಿಕಲಾ ಜೋರಾಗಿಯೇ ಹಾಡಿದಳು.