ಕೂರಿಗೆಯ ಬೆಂಚು

ಮರಗೆಲಸವನ್ನು ನನಗೆ ಯಾರೂ ಕಲಿಸಿಲ್ಲ, ಮೊಬೈಲಿನಲ್ಲಿ ನೋಡಿ ನಾನೇ ಕಲಿತದ್ದು. ಯಲಬುರ್ಗಾದಲ್ಲಿ ಯಾರೋ ಹಳೆ ಮನೆ ಕೆಡವುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಬೆಳಗಿನ ಬಸ್ಸಿಗೇ ಓಡುತ್ತಿದ್ದೆ. ಚೌಕಟ್ಟು, ತೊಲೆ, ಮುರಿದ ಕಿಟಕಿ, ಸಿಕ್ಕಿದ್ದನ್ನು ಹಿಂದಿನ ಸೀಟಿನ ಕೆಳಗೆ ತುರುಕಿ ತರುತ್ತಿದ್ದೆ. ಇವತ್ತು ಯಾರ ಮನೆ ಹೊತ್ತುಕೊಂಡು ಬಂದೆ ಅಂತ ಕಂಡಕ್ಟರ್ ಕೇಳುತ್ತಿದ್ದ.

ಕಳೆದ ವರ್ಷ ಅವ್ವ ತವರಿಗೆ ಹೋದ ವಾರ ಎಲ್ಲೂ ಮರ ಸಿಗಲಿಲ್ಲ. ಕೈ ಸುಮ್ಮನಿರಲಾರದೆ ದನದ ಕೊಟ್ಟಿಗೆಗೆ ನುಗ್ಗಿದೆ. ಬಿತ್ತುವ ಹಳೆ ಕೂರಿಗೆ ಗೋಡೆಗೆ ಒರಗಿತ್ತು. ನಾವು ಬಿತ್ತನೆಗೆ ಟ್ರ್ಯಾಕ್ಟರ್ ಕರೆಯತೊಡಗಿ ಐದಾರು ವರ್ಷವಾಗಿತ್ತು. ಅಷ್ಟೂ ವರ್ಷ ಗಂಗಾವತಿಯ ಹಾಸ್ಟೆಲಿನಲ್ಲಿದ್ದ ನಾನು ಅದನ್ನು ಬೇಡವಾದ ಸಾಮಾನು ಎಂದೇ ತಿಳಿದೆ. ಜಾಲಿಯ ದಿಂಡು, ಕಲ್ಲಿನಷ್ಟು ಗಟ್ಟಿ. ನೆಲ ಸೀಳುವ ಕಾಲುಗಳನ್ನು ಸಿಕ್ಕಿಸಲು ಅದರಲ್ಲಿ ಮೂರು ತೂತು. ಕಾಲು ಬಡಿದು ತೆಗೆದು, ದಿಂಡನ್ನು ಉದ್ದಕ್ಕೆ ಸೀಳಿ, ಎರಡೂ ಹೋಳು ಜೋಡಿಸಿ ಬೆಂಚು ಮಾಡಿದೆ. ತೂತುಗಳು ಓರೆಯಾಗಿ ಕಂಡವು. ಚೆಂದವಾಗಲಿ ಅಂತ ಅರದಿಂದ ಉಜ್ಜಿ ನೇರ ಮಾಡಿದೆ. ಫೋಟೋ ಹಾಕಿದಾಗ, ಸಾಣಾಪುರದಲ್ಲಿ ಪ್ರವಾಸಿಗರಿಗೆ ರೂಮು ಕೊಡುವವರೊಬ್ಬರು ಇಂಥವು ಇನ್ನಾರು ಬೇಕೆಂದರು. ಊಟ ಸೇರಲಿಲ್ಲ ನನಗೆ, ಖುಷಿಗೆ.

ಅವ್ವ ಬಂದ ಮೇಲೆ ಹಿಂಗಾರಿ ಮಳೆ ಚೆನ್ನಾಗಿ ಬಿತ್ತು. ಮಳೆ ನಿಂತ ಮೂರನೆಯ ಬೆಳಗ್ಗೆ ಓಣಿಯ ಅತ್ತೆ ಬಂದಳು. ನೆಂಟಸ್ತಿಕೆಯೇನಿಲ್ಲ, ಸಣ್ಣಂದಿನಿಂದ ಹಾಗೆ ಕರೆಯುವ ರೂಢಿ. ಗಂಡ ತೀರಿದ ಮೇಲೆ ಮೂರೆಕರೆ ಎರೆಹೊಲವನ್ನು ಒಂದು ಜೋಡಿ ಎತ್ತಿನಲ್ಲಿ ನಡೆಸುವವಳು. ಬಂದವಳೇ ಬೆಂಚಿನ ಮೇಲೆ ಕೂತು, ಅಳಿಯ ದೊಡ್ಡ ಬಡಗಿಯಾಗಿದ್ದಾನೆ, ಕಟ್ಟಿಕೊಳ್ಳುವ ಹೆಣ್ಣಿಗೂ ಮಂಚ ನೀನೇ ಮಾಡುತ್ತೀಯೋ ಎಂದು ನನ್ನ ಕಾಲೆಳೆದಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ಯಕ್ಕಾ, ಕೂರಿಗಿ ಒಯ್ತೀನಿ. ನಾಳೆ ಜ್ವಾಳ ಬಿತ್ತಬೇಕು, ನೆಲದ ಹದ ಭಾಳ ದಿನ ನಿಲ್ಲಂಗಿಲ್ಲ."

ಪ್ರತಿ ವರ್ಷ ಒಯ್ಯುತ್ತಿದ್ದಳಂತೆ. ಅವ್ವ ಕೊಟ್ಟಿಗೆಗೆ ಹೋಗಿ ಬರಿಗೈಯಲ್ಲಿ ಬಂದು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಅತ್ತೆಯ ಬೆರಳು ಬೆಂಚಿನ ತೂತಿಗೆ ಹೋಗಿತ್ತು. ತಟ್ಟನೆ ಎದ್ದಳು. ಬೆಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಿತ್ತುವ ದಿನ ಕುಂಕುಮ ಹಚ್ಚಿ ಕಾಯಿ ಒಡೆಯುವ ಕೂರಿಗೆ ಅದು.

"ಇದರ ಮ್ಯಾಲ ನನ್ನ ಕುಂದರಿಸಿದೆಲ್ಲೋ, ಅಳಿಯಾ."

ನಾನೇ ಟ್ರ್ಯಾಕ್ಟರ್ ಕರೆಸುತ್ತೇನೆ ಎಂದೆ.

"ಟ್ರ್ಯಾಕ್ಟರ್ ಸಾಲಿಗೆ ನನ್ನ ಎಡಿಕುಂಟಿ ಹೊಂದಂಗಿಲ್ಲ. ಆಮ್ಯಾಲ ಕಸ ತಗ್ಯಾಕ ನಿನ್ನ ಮೊಬೈಲ್ ಬರತೈತೇನು?"

ಪೈರಿನ ಸಾಲುಗಳ ನಡುವೆ ಎತ್ತು ಹೂಡಿ ಕಸ ತೆಗೆಯುವ ಎಡೆಕುಂಟೆಯನ್ನು ಕೂರಿಗೆಯ ಅಳತೆಗೇ ಮಾಡಿಸಿರುತ್ತಾರೆ. ಸಾಲಿನ ಅಂತರ ಬದಲಾದರೆ ಅದು ಪೈರನ್ನೇ ಕೊಯ್ಯುತ್ತದೆ. ರೈತನ ಮಗನಾಗಿಯೂ ನನಗಿದು ಗೊತ್ತಿರಲಿಲ್ಲ.

ಒಂದೇ ದಿನದಲ್ಲಿ ಹೊಸ ಕೂರಿಗೆ ಮಾಡಿಕೊಡುತ್ತೇನೆಂದು ಹೊರಟೆ. ಅವಳ ಎಡೆಕುಂಟೆ ಅಳೆದು, ಹಳೆ ಬಾಗಿಲಿನ ಬೇವಿನ ಚೌಕಟ್ಟಿನಲ್ಲಿ ಮೂರು ತೂತು ಕೊರೆದು, ಹಳೆ ಕಾಲುಗಳನ್ನೇ ಸಿಕ್ಕಿಸಿದೆ. ಮರುದಿನ ಹೊಲದಲ್ಲಿ ಎತ್ತು ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಕೂರಿಗೆ ಮಣ್ಣಿನ ಮೇಲೆ ಜಾರತೊಡಗಿತು. ಜೋಳ ಮೇಲೇ ಚೆಲ್ಲಿಬಿದ್ದಿತ್ತು. ಎತ್ತು ಹೊಡೆಯುತ್ತಿದ್ದ ಅತ್ತೆಯ ತಮ್ಮ ಬಗ್ಗಿ ನೋಡಿ, ಕಾಲು ಮುಂದಕ್ಕೆ ಓರೆಯಾಗಿದ್ದರೆ ತಾನೇ ನೆಲ ಕಚ್ಚುವುದು ಎಂದ. ಎಷ್ಟು ಓರೆ ಎಂದು ಅವನಿಗೂ ಗೊತ್ತಿಲ್ಲ. ಹಳೆ ದಿಂಡನ್ನು ನೋಡಿದರೆ ತಿಳಿಯುತ್ತದೆ ಎಂದ. ಆ ಓರೆಯನ್ನೇ ನಾನು ಉಜ್ಜಿ ಹಾಕಿದ್ದೆ.

ಕೂರಿಗೆ ಮಾಡಬಲ್ಲ ಪಕ್ಕದ ಊರಿನ ಬಡಿಗೇರ ಅಜ್ಜ ಇಟಗಿಗೆ ಕೆಲಸಕ್ಕೆ ಹೋಗಿದ್ದರು. ಅಲ್ಲಿಗೇ ಹೋದೆ. ಅವರು ಬೈಯಲಿಲ್ಲ. ಹಳೆಯದು ಏನಾಯಿತೆಂದು ಕೇಳಿದರು, ಹೇಳಿದೆ. ಉಳಿಯ ಅಲಗು ನೋಡುತ್ತ, "ಅದು ನಮ್ಮಪ್ಪ ಮಾಡಿದ್ದು" ಎಂದರು. ಹೊಸ ಜಾಲಿ ದಿಂಡು ಕೆತ್ತಿ ಕೊಡಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಬಿಸಿಲು ಬೆಂಕಿಯಂತಿತ್ತು.

ನಾವು ಕೂರಿಗೆ ಹೂಡುವಾಗ ಅತ್ತೆ ಹೊಲದ ಮೇಲಿನ ಬದಿಯಲ್ಲಿ ಮಣ್ಣು ಕೆದಕಿ ಹಿಡಿದಳು. ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು. ಇನ್ನೂ ಹಸಿಯಿದ್ದ ಕೆಳಗಿನ ಅರ್ಧಕ್ಕಷ್ಟೇ ಬಿತ್ತಿದರು. ಉಳಿದ ಬೀಜ ಸೀರೆಯ ಮಡಿಲಲ್ಲೇ ಉಳಿಯಿತು.

ಸಂಜೆ ಕೂರಿಗೆಯನ್ನು ನಮ್ಮ ಕೊಟ್ಟಿಗೆಗೆ ಹೊರಲು ನಾನು ಹೆಗಲು ಕೊಟ್ಟೆ. ನೀನೇ ಎತ್ತಿಕೋ ಎಂದು ಅತ್ತೆ ತನ್ನ ತಮ್ಮನಿಗೆ ಕೈಸನ್ನೆ ಮಾಡಿದಳು.

"ಬ್ಯಾಡೋ ತಮ್ಮಾ," ಎಂದಳು ನನಗೆ. ಅಳಿಯಾ ಎನ್ನಲಿಲ್ಲ. "ಇದು ನಮ್ಮ ಮನ್ಯಾಗ ಇರಲಿ."