ಇರುವೆಗೆ ಹಾಕಿದ ಕಡ್ಡಿ

ನಾನು ಸೊಳ್ಳೆ ಬ್ಯಾಟನ್ನು ಎಡಗೈಯಲ್ಲಿ ಹಿಡಿಯುತ್ತೇನೆ. ಎಡಚನೆಂದಲ್ಲ, ಬಲಗೈಯಲ್ಲಿ ಪೆನ್ನಿರುತ್ತದೆ. ಆ ಪೆನ್ನು ಹೆಚ್ಚಾಗಿ ಅಹಿಂಸೆಯ ಬಗ್ಗೆಯೇ ಬರೆಯುತ್ತಿರುತ್ತದೆ. ಕೋಲಾರದ ನಮ್ಮ ಮನೆಯಲ್ಲಿ ಸಂಜೆಯಾದರೆ ಸೊಳ್ಳೆ ಜಾಸ್ತಿ. ಯಾವ ಜೀವಕ್ಕೂ ನೋವು ಮಾಡಬಾರದು ಎಂದು ಬರೆದು ಪೂರ್ಣವಿರಾಮ ಹಾಕುವಷ್ಟರಲ್ಲಿ ಎಡಗಡೆಯಿಂದ ಚಟ್ ಎಂದು ಸದ್ದು ಬರುತ್ತದೆ. ಲೇಖನ ಎಲ್ಲಿಗೆ ಬಂತು ಎಂದು ನನ್ನ ಹೆಂಡತಿ ಕೇಳುವುದಿಲ್ಲ. ಅಡುಗೆಮನೆಯಲ್ಲಿ ಕೂತು ಸದ್ದಿನ ಮೇಲೇ ಅಂದಾಜು ಮಾಡಿಕೊಳ್ಳುತ್ತಾಳೆ.

ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಹಿಂಸೆ ಅಹಿಂಸೆಗಳ ಅಧ್ಯಾಯ ಬಂತೆಂದರೆ ನನಗೆ ಹುರುಪು. ಕೈ ಮಾಡಿದ ಹಿಂಸೆ ಬೇರೆ, ಮನಸ್ಸು ಮಾಡಿದ ಹಿಂಸೆ ಬೇರೆ ಎಂದು ಜೈನರು ಎಷ್ಟೋ ಹಿಂದೆಯೇ ವಿಂಗಡಿಸಿಟ್ಟಿದ್ದಾರೆ. ಪಶ್ಚಿಮದ ಪಂಡಿತರಲ್ಲಿ ಅರ್ಧ ಮಂದಿ ಉದ್ದೇಶವನ್ನು ನೋಡಿ ಎನ್ನುತ್ತಾರೆ, ಇನ್ನರ್ಧ ಮಂದಿ ಪರಿಣಾಮವನ್ನು ನೋಡಿ ಎನ್ನುತ್ತಾರೆ. ನಾನು ಯಾವಾಗಲೂ ಉದ್ದೇಶದ ಪಕ್ಷ. ಗೊತ್ತಿಲ್ಲದೆ ಇರುವೆ ತುಳಿದವನು, ತುಳಿಯಲು ಹೋಗಿ ಗುರಿ ತಪ್ಪಿದವನು, ಈ ಇಬ್ಬರಲ್ಲಿ ಹೆಚ್ಚು ಹಿಂಸಕ ಯಾರು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಗುರಿ ತಪ್ಪಿದವನೇ ಎಂದು ನಾನೇ ಉತ್ತರ ಹೇಳಿ, ನಾನೇ ತಲೆದೂಗುತ್ತಿದ್ದೆ. ಈ ಇರುವೆ ನನ್ನ ಜೊತೆ ನಿವೃತ್ತಿಯವರೆಗೂ ಬಂತು. ಹೋದ ವರ್ಷ ಮುಳಬಾಗಿಲಿನ ಒಂದು ಕಾಲೇಜಿನವರು ಅಹಿಂಸೆಯ ಬಗ್ಗೆ ಮಾತಾಡಲು ಕರೆದಾಗಲೂ ಭಾಷಣದ ಎರಡನೇ ಪುಟದಲ್ಲಿ ಅದನ್ನೇ ಕೂರಿಸಿದ್ದೆ.

ಭಾಷಣಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಸುಗಟೂರಿನಿಂದ ಅಕ್ಕ ಫೋನ್ ಮಾಡಿದಳು. ಅಕ್ಕ ಭಾವ ಇಬ್ಬರೂ ರೇಷ್ಮೆ ಹುಳು ಸಾಕುತ್ತಾರೆ. ಅವರಿಗೆ ನಂಗಲಿಯಲ್ಲಿ ನೆಂಟರ ಗೃಹಪ್ರವೇಶ, ತಪ್ಪಿಸುವ ಹಾಗಿಲ್ಲ. ಒಂದು ಹಗಲು ಹುಳು ಮನೆ ಕಾಯಬೇಕು.

"ಹುಳ ಮೂರನೇ ಜ್ವರಕ್ಕೆ ಕೂತವೆ. ಸೊಪ್ಪು ಹಾಕ್ಬೇಡ, ಮುಟ್ಬೇಡ. ನೀನು ಏನೂ ಮಾಡ್ದೇ ಇದ್ರೆ ಸಾಕು, ಅದೇ ನಿನ್ ಕೆಲ್ಸ" ಎಂದಳು. ನನ್ನ ಯೋಗ್ಯತೆಗೆ ಹೇಳಿ ಮಾಡಿಸಿದ ಕೆಲಸ.

ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಹೊತ್ತಿನಲ್ಲಿ ಹುಳು ಮನೆಯ ಮರ್ಯಾದೆ ನೋಡಬೇಕು. ಸ್ನಾನ ಮಾಡದೆ ಒಳಗೆ ಹೋಗುವ ಹಾಗಿಲ್ಲ, ಚಪ್ಪಲಿ ಬಾಗಿಲಲ್ಲೇ, ಮಾತು ಮೆತ್ತಗೆ. ಭಾವನ ಬೀಡಿಯಂತೂ ಬೇಲಿಯಾಚೆ. ಮದುವೆಯಾದ ಹೊಸದರಲ್ಲಿ ನಾನು ಆ ಮನೆಗೆ ಹೆಂಡತಿಯನ್ನು ಕರೆದುಕೊಂಡು ಹೋದಾಗಲೂ ಇಷ್ಟು ಉಪಚಾರ ನಡೆದಿರಲಿಲ್ಲ.

ಅವರು ಬೆಳಗಿನ ಬಸ್ಸಿಗೆ ಹೊರಟರು. ನಾನು ಸ್ನಾನ ಮಾಡಿ, ಭಾಷಣದ ಹಾಳೆ ಹಿಡಿದು ಹುಳು ಮನೆಯೊಳಗೆ ಕೂತೆ. ಅಂತಸ್ತು ಅಂತಸ್ತಾಗಿ ಸ್ಟ್ಯಾಂಡು, ಅದರ ಮೇಲೆ ಸಾವಿರಾರು ಹುಳುಗಳು ಧ್ಯಾನದಲ್ಲಿ. ಇಷ್ಟು ಶಿಸ್ತಿನ ತರಗತಿ ನನಗೆ ಎಂದೂ ಸಿಕ್ಕಿರಲಿಲ್ಲ. ಹತ್ತಿರ ಹೋಗಿ ನೋಡಿದಾಗ ಸ್ಟ್ಯಾಂಡಿನ ಒಂದೊಂದು ಕಾಲೂ ನೀರು ತುಂಬಿದ ಬಟ್ಟಲಲ್ಲಿ ನಿಂತಿತ್ತು. ಒಂದು ಬಟ್ಟಲಲ್ಲಿ ಏಳೆಂಟು ಇರುವೆಗಳು ಬಿದ್ದು ಒದ್ದಾಡುತ್ತಿದ್ದವು.

ಇರುವೆಗಳು, ಅದೂ ನನ್ನ ಭಾಷಣದ ಎರಡನೇ ಪುಟದ ಇರುವೆಗಳು. ಪಕ್ಕದಲ್ಲಿ ಹಿಪ್ಪುನೇರಳೆಯ ಒಣ ಕಡ್ಡಿ ಬಿದ್ದಿತ್ತು. ಅದರ ಒಂದು ತುದಿಯನ್ನು ಬಟ್ಟಲಲ್ಲಿ ಅದ್ದಿ, ಇನ್ನೊಂದನ್ನು ನೆಲಕ್ಕೆ ಒರಗಿಸಿದೆ. ಒಂದೊಂದೇ ಇರುವೆ ಹತ್ತಿ, ಮೈ ಕೊಡವಿಕೊಂಡು ಹೋಯಿತು. ಕಣ್ಣು ತುಂಬಿ ಬಂದದ್ದು ನಿಜ. ಇದನ್ನೂ ಭಾಷಣಕ್ಕೆ ಸೇರಿಸಬೇಕು ಎಂದುಕೊಂಡು ಹೊರಗೆ ಜಗುಲಿಗೆ ಬಂದು ಬರೆಯತೊಡಗಿದೆ. ಬರೆದದ್ದನ್ನು ಓದಿದೆ, ಓದುತ್ತಾ ನಿದ್ದೆ ಹೋದೆ.

ನೀರಿನ ಬಟ್ಟಲು ಇಟ್ಟಿರುವುದೇ ಇರುವೆ ಮೇಲೆ ಹತ್ತದಿರಲಿ ಎಂದು. ಈ ಮಾತು ಸುಗಟೂರಿನ ಎಳೆ ಕೂಸಿಗೂ ಗೊತ್ತು, ತತ್ವಶಾಸ್ತ್ರದ ಮೇಷ್ಟರಿಗೆ ಗೊತ್ತಿರಲಿಲ್ಲ. ನಾನು ಅದ್ದಿದ್ದ ಕಡ್ಡಿಯ ತುದಿ ನೀರಿನ ಮೇಲೆ ತೇಲಿ ಸ್ಟ್ಯಾಂಡಿನ ಕಾಲಿಗೆ ತಾಗಿಕೊಂಡಿತ್ತು. ಇಳಿದುಹೋದ ಇರುವೆಗಳು ಊರಿಗೆಲ್ಲ ಸುದ್ದಿ ಮುಟ್ಟಿಸಿ, ಬಂಧುಬಳಗದ ಸಮೇತ ಬಂದಿದ್ದವು. ನಾನು ಎದ್ದು ನೋಡುವಾಗ ನನ್ನ ದಯೆಯ ಮೇಲೆ ಸಾಲು ಕಟ್ಟಿ ಹೋಗುತ್ತಿದ್ದವು, ಕೆಳಗಿನ ಅಂತಸ್ತಿನ ಒಂದು ಮೂಲೆ ಕಪ್ಪಾಗಿತ್ತು. ಜ್ವರಕ್ಕೆ ಕೂತ ಹುಳು ಓಡಲಾರದು, ಒದರಲಾರದು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಸಂಕೋಚ. ಇರುವೆ ಪುಡಿ ಹಾಕಿದರೆ ಹುಳುವೂ ಹೋಗುತ್ತದೆ, ಆದ್ದರಿಂದ ಕೈಯೇ ಗತಿ. ಹೆಬ್ಬೆರಳಿನಿಂದ ಹೊಸಕಿದೆ, ಅಂಗೈಯಿಂದ ಉಜ್ಜಿದೆ, ಭಾಷಣದ ಹಾಳೆಗಳನ್ನು ಮಡಿಸಿ ಬಡಿದೆ. ಅಹಿಂಸೆಯ ಬಗ್ಗೆ ನನ್ನ ಬರಹ ಅಷ್ಟು ಪರಿಣಾಮಕಾರಿಯಾದದ್ದು ಅದೊಂದೇ ಸಲ. ಗುರಿ ಒಂದೂ ತಪ್ಪಲಿಲ್ಲ. ಮಧ್ಯೆ ಮಧ್ಯೆ "ನಿಮ್ಮ ವಂಶ ಹಾಳಾಗ" ಎಂದು ಬೈಯುತ್ತಿದ್ದೆನಂತೆ, ಹಾಲು ಡೇರಿಗೆ ಹೋಗುತ್ತಿದ್ದ ಪಕ್ಕದ ಮನೆಯ ನಾರಾಯಣಪ್ಪ ಕೇಳಿಸಿಕೊಂಡು ಊರಿಗೆಲ್ಲ ಹೇಳಿದ.

ಸಂಜೆ ಅವರು ಬಂದರು. ಕಡ್ಡಿಯ ವಿಷಯ ಕೇಳಿದ ಭಾವ ಬೈಯಲಿಲ್ಲ. ಬೇಲಿ ಹತ್ತಿರ ಹೋಗಿ ನಾರಾಯಣಪ್ಪನಿಗೆ ತೆಲುಗಿನಲ್ಲಿ, "ಮಾ ಬಾವಮರ್ದಿ ಚೀಮಲಕಿ ಬ್ರಿಡ್ಜಿ ಕಟ್ನಾಡು" ಎಂದ. ಭಾಮೈದ ಇರುವೆಗೆ ಸೇತುವೆ ಕಟ್ಟಿದ ಎಂದು ಅರ್ಥ. ಬೈದಿದ್ದರೆ ವಾಸಿಯಿತ್ತು. ಇಬ್ಬರೂ ಬೀಡಿ ಹಚ್ಚಿ ಬಹಳ ಹೊತ್ತು ನಕ್ಕರು.

ಅಕ್ಕ ನಗಲಿಲ್ಲ. ಸ್ನಾನ ಮಾಡಿ ಒಳಗೆ ಹೋಗಿ, ಸತ್ತ ಹುಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿಕೊಂಡಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಸುಮ್ಮನಿರಬೇಕಿತ್ತು, ಆದರೆ ಮೇಷ್ಟರ ಬಾಯಿ.

"ಅಲ್ಲ ಅಕ್ಕ, ಗೂಡು ಕಟ್ಟಿದ ಮೇಲೆ ನೂಲು ಬಿಚ್ಚೋಕೆ ಹೆಂಗೂ ಬಿಸಿನೀರಿಗೇ ತಾನೆ ಇವು ಹೋಗೋದು?"

ಅಕ್ಕ ಆರಿಸುವುದನ್ನು ನಿಲ್ಲಿಸಲಿಲ್ಲ. "ಹೂಂ, ಹೋಗ್ತವೆ. ಕಳ್ಸೋಳು ನಾನೇ. ಅದಕ್ಕೇ ಕಣೋ, ನನ್ ಹತ್ರ ಇರೋಗಂಟ ಒಂದಕ್ಕೂ ನೋವಾಗ್ಬಾರ್ದು ಅನ್ನೋದು."

ಇದು ಯಾವ ಪಂಡಿತರ ಪಕ್ಷ ಎಂದು ನಾನು ಈಗಲೂ ಹುಡುಕುತ್ತಿದ್ದೇನೆ. ಉದ್ದೇಶದ ಪಕ್ಷವಲ್ಲ, ಪರಿಣಾಮದ ಪಕ್ಷವೂ ಅಲ್ಲ. ಅವಳು ತನ್ನನ್ನು ಅಹಿಂಸಾವಾದಿ ಎಂದುಕೊಂಡಿಲ್ಲ, ಹುಳುವಿಗೆ ತಾನು ಏನು ಮಾಡುತ್ತೇನೆ ಎಂಬುದನ್ನು ಮುಚ್ಚಿಟ್ಟುಕೊಂಡೂ ಇಲ್ಲ. ನಾನೋ, ಏಳೆಂಟು ಇರುವೆ ಉಳಿಸಿದ ಖುಷಿಗೆ ಜಗುಲಿಯಲ್ಲಿ ಗೊರಕೆ ಹೊಡೆದವನು.

ಭಾಷಣದ ದಿನ ಬಂತು. ಮುಳಬಾಗಿಲಿನಲ್ಲಿ ನನ್ನನ್ನು ಪರಿಚಯಿಸಿದ ಅಧ್ಯಾಪಕರು, "ಒಂದು ಇರುವೆಗೂ ನೋವು ಮಾಡದವರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಹೆಬ್ಬೆರಳು ಮಡಚಿಕೊಂಡೆ, ಎರಡನೇ ಪುಟ ಹಾರಿಸಿದೆ. ಕೊನೆಗೆ ರೇಷ್ಮೆ ಶಾಲು ಹೊದಿಸಿ ಗೌರವಿಸಲಾಗುವುದು ಎಂದು ಮೈಕಿನಲ್ಲಿ ಹೇಳಿದರು. ರೇಷ್ಮೆ ಎಂದು ಕೇಳಿ ನನ್ನ ತತ್ವಜ್ಞಾನ ಒಂದು ಕ್ಷಣ ಎದ್ದು ಕೂತಿತು. ಜರಿ ಅಂಚು ನೋಡಿ ಮತ್ತೆ ಮಲಗಿತು.

ಆ ಶಾಲನ್ನು ತಪ್ಪುಕಾಣಿಕೆಯ ಹಾಗೆ ಮರುದಿನವೇ ಸುಗಟೂರಿಗೆ ಒಯ್ದೆ. ಉಳಿದ ಹುಳುಗಳೆಲ್ಲ ಚೆನ್ನಾಗಿ ಮೇದು, ಬಲಿತು ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಅಕ್ಕನ ಮುಖ ಗೆಲುವಾಗಿತ್ತು. "ರೇಷ್ಮೆ, ಅಕ್ಕ. ನಿನಗೇ" ಎಂದು ಕೊಟ್ಟೆ. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು, ಕೆನ್ನೆಗೆ ಒತ್ತಿ ನೋಡಿದಳು. ಅನುಮಾನ ಬಂದು ಕುಚ್ಚಿನ ಒಂದು ಎಳೆ ಕಿತ್ತು ಒಲೆಗೆ ಹಿಡಿದಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಎಳೆ ಪ್ಲಾಸ್ಟಿಕ್ಕಿನಂತೆ ಕರಗಿ ಕಪ್ಪು ಗುಂಡಾಯಿತು.

ಅಕ್ಕ ಅಷ್ಟು ದಿನ ತಡೆದಿಟ್ಟಿದ್ದ ನಗು ಆಗ ಬಂತು. "ಪಾಲಿಸ್ಟರ್ ಕಣೋ. ಇದಕ್ಕೆ ಒಂದು ಹುಳಾನೂ ಸತ್ತಿಲ್ಲ, ನೆಮ್ಮದಿಯಾಗಿ ಹೊದ್ಕೊ" ಎಂದು ನನ್ನ ಹೆಗಲಿಗೇ ಹಾಕಿದಳು.

ನೆಮ್ಮದಿಯಾಗಬೇಕಿತ್ತು. ನಿಮ್ಮಲ್ಲಿ ಮುಚ್ಚಿಡುವುದೇನು, ಅಷ್ಟು ಜನರ ಮುಂದೆ ಒಂದು ಗಂಟೆ ಅಹಿಂಸೆ ಹೇಳಿದ ನನಗೆ ಒಂದೆರಡು ಸಾವಿರ ಹುಳುಗಳಾದರೂ ಸಾಯಬಾರದಿತ್ತೇ ಎಂದು ಒಳಗೊಳಗೇ ಬಹಳ ಬೇಜಾರಾಯಿತು.